ಸ್ಟೂಲಿನ ಮೇಲೆ ಮಾದಪ್ಪ

ನಮ್ಮ ಮನೆಯ ಉಪ್ಪಿನ ಡಬ್ಬಿಯ ಮೇಲೆ ಒಂದು ಗಿಳಿ ಇದೆ, ಅದಕ್ಕೆ ಕೊಕ್ಕಿಲ್ಲ. ಪಕ್ಕದ ಸಕ್ಕರೆ ಡಬ್ಬಿಯ ಮೇಲೆ ಗುಲಾಬಿ ಇದೆ, ಅದಕ್ಕೆ ದಂಟಿಲ್ಲ. ಮೊನ್ನೆ ಹನೂರಿನಿಂದ ಬಂದಿದ್ದ ನೆಂಟರೊಬ್ಬರು ನಾನು ಕಾಫಿ ಮಾಡುವಾಗ ಅಡುಗೆಮನೆಗೇ ಬಂದು, ಗಿಳಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ, "ಇದು ಯಾವ ಕಂಪ್ನಿ ಡಬ್ಬಿ?" ಎಂದರು. "ನಮ್ಮದೇ ಕಂಪನಿ" ಎಂದೆ. ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ನಡುಮನೆಗೆ ಹೋಗಿ ಟಿವಿ ಹಾಕಿಕೊಂಡರು. ತೆರೆದ ಬಾಯಿ ಮುಚ್ಚುವುದು ನನ್ನ ಅಭ್ಯಾಸವಲ್ಲ. ಆದ್ದರಿಂದ ನಿಮಗೆ ಹೇಳುತ್ತೇನೆ.

ಇದು ದೊಡ್ಡ ವಿದ್ಯೆಯೇನಲ್ಲ. ನಿಮಗೆ ಇಷ್ಟವಾದ ಚಿತ್ರವೊಂದನ್ನು ಜೆರಾಕ್ಸ್ ಅಂಗಡಿಯಲ್ಲಿ ಸಾದಾ ಕಾಗದದ ಮೇಲೆ ಪ್ರಿಂಟ್ ಹಾಕಿಸಬೇಕು. ಇಂಕಿನ ಮಿಷನ್ನಿನದು ಬೇಡ, ನೀರು ಬಿದ್ದರೆ ಕಲಸಿಹೋಗುತ್ತದೆ. ಪುಡಿ ಬಣ್ಣದ ಮಿಷನ್ನೇ ಆಗಬೇಕು. ಮರದ ಮೇಲೋ ತಗಡಿನ ಮೇಲೋ ಬಿಳಿ ಅಂಟನ್ನು ತೆಳ್ಳಗೆ ಬಳಿದು, ಚಿತ್ರವನ್ನು ಮುಖ ಕೆಳಗಾಗಿ ಮಲಗಿಸಿ, ಗುಳ್ಳೆ ಏಳದಂತೆ ಒತ್ತಿ, ಒಂದು ದಿನ ಸುಮ್ಮನೆ ಬಿಡಬೇಕು. ನನ್ನಂಥವಳಿಗೆ ಈ ಸುಮ್ಮನೆ ಬಿಡುವುದೇ ಎಲ್ಲಕ್ಕಿಂತ ಕಷ್ಟ. ಆಮೇಲೆ ಕಾಗದದ ಬೆನ್ನಿಗೆ ನೀರು ಹಚ್ಚಿ ಬೆರಳ ತುದಿಯಿಂದ ಉಜ್ಜುತ್ತಾ ಹೋದರೆ, ಎಣ್ಣೆ ಸ್ನಾನದ ದಿನ ಮೈ ಕೊಳೆ ಬರುವ ಹಾಗೆ ಕಾಗದವೆಲ್ಲ ಸುರುಳಿ ಸುರುಳಿಯಾಗಿ ಎದ್ದು ಬಂದು, ಬಣ್ಣ ಮಾತ್ರ ಅಂಟಿನಲ್ಲಿ ಉಳಿಯುತ್ತದೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಒಣಗಿದ ಮೇಲೆ ಚಿತ್ರ ಮತ್ತೆ ಬೆಳ್ಳಗೆ ಮಂಕಾಗುತ್ತದೆ. ಮತ್ತೆ ನೀರು, ಮತ್ತೆ ಬೆರಳು. ಒಂದು ಉಜ್ಜು ಕಡಿಮೆಯಾದರೆ ಕಣ್ಣಿಗೆ ಪೊರೆ ಬಂದ ಚಿತ್ರ, ಒಂದು ಉಜ್ಜು ಹೆಚ್ಚಾದರೆ ಕೊಕ್ಕಿಲ್ಲದ ಗಿಳಿ.

ಕಲಿತದ್ದು ಫೋನಿನಲ್ಲಿ, ಎರಡು ವರ್ಷದ ಹಿಂದೆ. ಆದರೆ ಹುಚ್ಚು ಹಳೆಯದು. ಯಳಂದೂರಿನಲ್ಲಿ ನಾನು ಹುಡುಗಿಯಾಗಿದ್ದಾಗ ನಮ್ಮ ಬೀದಿಯಲ್ಲಿ ಎರಡೇ ಮನೆಗೆ ಪತ್ರಿಕೆ ಬರುತ್ತಿತ್ತು. ಅದರಲ್ಲಿ ನಮ್ಮದು ಸೇರಿರಲಿಲ್ಲ. ಟೈಲರ್ ಅಂಗಡಿಯಿಂದ ಹಳೆ ಪತ್ರಿಕೆ ಬೇಡಿ ತರುತ್ತಿದ್ದೆ. ನೋಟ್‌ಬುಕ್ಕಿನ ಹಾಳೆಗೆ ಮೇಣದ ಬತ್ತಿ ಉಜ್ಜಿ, ಪತ್ರಿಕೆಯ ಚಿತ್ರದ ಮೇಲೆ ಕವುಚಿ, ಚಮಚದ ಬೆನ್ನಿನಿಂದ ತಿಕ್ಕಿದರೆ ಚಿತ್ರ ಹಾಳೆಗೆ ಇಳಿಯುತ್ತಿತ್ತು. ಕ್ರಿಕೆಟ್ ಆಟಗಾರರು, ಟ್ರ್ಯಾಕ್ಟರುಗಳು, ಸೀಮೆಹಸುಗಳು, ಯಾವ ಇಲಾಖೆಯೆಂದು ಗೊತ್ತಿಲ್ಲದ ಮಂತ್ರಿಗಳು ಎಲ್ಲರೂ ನನ್ನ ವಿಜ್ಞಾನದ ಪುಸ್ತಕದಲ್ಲಿದ್ದರು. ಜೀರ್ಣಾಂಗಗಳ ಚಿತ್ರ ಬರೆಯಿರಿ ಎಂದಿದ್ದ ಕಡೆ ಮಿಕ್ಸಿಯ ಜಾಹೀರಾತು ಇಳಿಸಿದ್ದೆ. "ಅದೂ ಅರೆಯೋ ಕೆಲಸಾನೇ ಅಲ್ವಾ ಸಾ" ಎಂದು ವಾದ ಬೇರೆ ಮಾಡಿದೆ. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು.

ಬೆಂಚು ಹತ್ತಿ ನಿಂತರೇನು, ಬುದ್ಧಿ ಬರಲಿಲ್ಲ. ಬೇಡಿ ತಂದ ಪತ್ರಿಕೆಗಳನ್ನು ಯಾರೂ ಎಸೆಯದಿರಲೆಂದು ಅಪ್ಪನ ಹಾಸಿಗೆಯ ಕೆಳಗೆ ಬಚ್ಚಿಡುತ್ತಿದ್ದೆ. ಅಪ್ಪನಿಗೆ ಒಂದು ಅಭ್ಯಾಸ. ಇಸ್ತ್ರಿ ಇಲ್ಲದ ಮನೆಯಲ್ಲಿ ಒಗೆದ ಅಂಗಿಯನ್ನು ಸ್ವಲ್ಪ ಹಸಿ ಇರುವಾಗಲೇ ಮಡಚಿ ಹಾಸಿಗೆಯ ಕೆಳಗೆ ಇಟ್ಟು ಮಲಗಿಬಿಡುತ್ತಿದ್ದರು. ಬೆಳಿಗ್ಗೆಗೆ ಮಡಿಕೆ ಕೂತಿರುತ್ತಿತ್ತು. ಒಮ್ಮೆ ಸತ್ತೇಗಾಲದ ಮದುವೆಗೆಂದು ಬಿಳಿ ಅಂಗಿಯನ್ನು ಹಾಗೆ ಇಟ್ಟರು, ಹಾಗೇ ಹಾಕಿಕೊಂಡು ಹೋದರು. ಊಟದ ಪಂಕ್ತಿಯಲ್ಲಿ ಹಿಂದೆ ನಿಂತಿದ್ದ ಒಬ್ಬರು ಮೆಲ್ಲಗೆ, "ಸಾ, ನಿಮ್ ಬೆನ್ನಲ್ಲಿರೋರು ನಮ್ಗೆ ಗುರ್ತಿನೋರು ಕಣ್ರಿ. ಪಾಪ, ಯಾವಾಗ ಓಗ್ಬುಟ್ರು?" ಎಂದರಂತೆ. ಪತ್ರಿಕೆಯ ಶ್ರದ್ಧಾಂಜಲಿ ಪುಟ, ಹೂವಿನ ಹಾರದ ಸಮೇತ, ಅಪ್ಪನ ಬೆನ್ನಿಗೆ ಇಳಿದಿತ್ತು. ಮದುವೆ ಮನೆಯಲ್ಲಿ! ಆವತ್ತು ಸಂಜೆ ನನ್ನ ಬೆನ್ನಿಗೂ ಒಂದಷ್ಟು ಇಳಿಯಿತು, ಅದನ್ನು ಇಲ್ಲಿ ವಿವರಿಸುವುದಿಲ್ಲ.

ಹೀಗೆ ಇಳಿಸಿದ ಚಿತ್ರ ಉಲ್ಟಾ ಬರುತ್ತದೆ ಎಂಬುದು ಆವಾಗಲೇ ತಲೆಗೆ ಹೋಗಬೇಕಿತ್ತು. ಹೋಗಿರಲಿಲ್ಲ. ಎರಡು ವರ್ಷದ ಹಿಂದೆ ಮರದ ಟ್ರೇ ಒಂದರ ಮೇಲೆ ನಮ್ಮ ಮದುವೆ ಫೋಟೋ ಇಳಿಸಿದೆ. ನನ್ನ ಗಂಡ ನನ್ನ ಬಾಯಿಗೆ ಲಾಡು ಇಡುತ್ತಿರುವ ಫೋಟೋ. ನನ್ನ ಅತ್ತೆ ಟ್ರೇಯನ್ನು ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಹಿಡಿದು ನೋಡಿ, "ಲೇ, ಮದ್ವೆ ದಿನಾನೇ ಎಡಗೈಲಿ ತಿನ್ಸಿದ್ಯೇನ್ಲಾ ನನ್ ಸೊಸೇಗೆ?" ಎಂದು ಮಗನನ್ನು ತರಾಟೆಗೆ ತೆಗೆದುಕೊಂಡರು. ಕುಂತೂರಿನ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಆಗಷ್ಟೇ ಬಂದಿದ್ದ ಅವರು ಬಲಗೈ ಎತ್ತಿ ತೋರಿಸಿ, "ಇಲ್ಲ ಕಣವ್ವ, ಈ ಕೈಯ್ಯೇ" ಎಂದು ಆಣೆ ಮಾಡಬೇಕಾಯಿತು. ಅಂದಿನಿಂದ ಪ್ರಿಂಟ್ ಹಾಕಿಸುವಾಗಲೇ ಉಲ್ಟಾ ಮಾಡಿಸುತ್ತೇನೆ.

ಅತ್ತೆಯ ಹೆಸರು ಪುಟ್ಟತಾಯಮ್ಮ. ತವರು ಕೌದಳ್ಳಿ. ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯ ಊರು, ಅಂದಮೇಲೆ ಹುಟ್ಟಿದಾಗಿನಿಂದ ಪರಸೆ ಹೊರಟ ಭಕ್ತರಿಗೆ ನೀರು ಮಜ್ಜಿಗೆ ಕೊಟ್ಟು ಬೆಳೆದವರು. ಕೊಳ್ಳೇಗಾಲದ ನೇಯ್ಗೆಯವರ ಮನೆಗೆ ಸೊಸೆಯಾಗಿ ಬಂದರು. ಮಾವ ರೇಷ್ಮೆ ಸೀರೆ ನೇಯುತ್ತಿದ್ದರು. ಕಣ್ಣು ಮಂಜಾಗಿ ಮಗ್ಗ ಬಿಚ್ಚಿದಾಗ ಅದರ ಮರವೆಲ್ಲ ಅವರಿವರ ಪಾಲಾಯಿತು. ಒಂದು ತುಂಡನ್ನು ಮಾತ್ರ ಹಟ ಹಿಡಿದು ಉಳಿಸಿಕೊಂಡು, ತಾವೇ ಕೂತು ಅತ್ತೆಗೊಂದು ಸ್ಟೂಲು ಮಾಡಿಕೊಟ್ಟರು. ಅತ್ತೆಗೆ ಮಂಡಿ ಆಗಲೇ ಕೈಕೊಟ್ಟಿತ್ತು, ನೆಲಕ್ಕೆ ಕೂತರೆ ಏಳಲಾಗುತ್ತಿರಲಿಲ್ಲ. ಮಾವ ಅವರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಪಾದದಿಂದ ಮಂಡಿಯವರೆಗೆ ನೂಲು ಹಿಡಿದು ಅಳತೆ ತೆಗೆದರು. ಆ ನೂಲಿನ ಎತ್ತರಕ್ಕೆ ಸ್ಟೂಲು. ಮಾವ ಹೋಗಿ ಎಷ್ಟೋ ವರ್ಷವಾಯಿತು.

ಆ ಸ್ಟೂಲಿನ ಜಾಗ ಬೀದಿ ಬಾಗಿಲು. ಬೆಳಿಗ್ಗೆ ತಿಂಡಿಯಾದ ಮೇಲೆ ಅತ್ತೆ ಅಲ್ಲಿ ಕೂತರೆ, ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ವಿಚಾರಿಸುವುದು ಎಲ್ಲವೂ ಅಲ್ಲೇ. ಯಾರ ಮನೆಯ ಮಗು ಶಾಲೆಗೆ ಹೋಗಲಿಲ್ಲ, ಯಾರು ಸೀರೆ ಡೆಲಿವರಿ ಕೊಡಲು ಹೊರಟರು, ಯಾರಿಗೆ ಜ್ವರ, ಅತ್ತೆಗೆ ಗೊತ್ತಿಲ್ಲದ್ದು ನಮ್ಮ ಬೀದಿಯಲ್ಲಿ ನಡೆಯುತ್ತಿರಲಿಲ್ಲ. ನಾನು ಕೆಲಸಕ್ಕೆ ಹೋಗುವವಳಲ್ಲ, ಆದರೂ ಬೀದಿಯ ಸುದ್ದಿಯೆಲ್ಲ ನನಗೆ ಅವರಿಂದಲೇ ಬರಬೇಕು.

ಹೋದ ವರ್ಷ ಅತ್ತೆ ಹದಿನೈದು ದಿನದ ಮಟ್ಟಿಗೆ ಕೌದಳ್ಳಿಗೆ ಹೋದರು. ಅವರಿಲ್ಲದಾಗ ಅವರಿಗೊಂದು ಸಂತೋಷ ಮಾಡಬೇಕೆಂದು ನನಗೆ ಅನಿಸಿತು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನನ್ನ ಯಾವ ಕೆಲಸಕ್ಕೂ ಅತ್ತೆ "ಆಗ್ಬೌದು" ಎನ್ನುವುದಕ್ಕಿಂತ ಹೆಚ್ಚು ಹೇಳಿದವರಲ್ಲ. ಒಂದು ಸಲವಾದರೂ ಚೆನ್ನಾಗಿದೆ ಅನ್ನಿಸಿಕೊಳ್ಳಬೇಕೆಂಬ ಆಸೆ ಇತ್ತು, ಇಲ್ಲವೆಂದು ಯಾಕೆ ಸುಳ್ಳು ಹೇಳಲಿ. ಅವರಿಗೆ ಪ್ರೀತಿಯ ವಸ್ತು ಯಾವುದು? ಸ್ಟೂಲು. ಪ್ರೀತಿಯ ದೇವರು ಯಾರು? ಮಾದಪ್ಪ. ಎರಡನ್ನೂ ಸೇರಿಸಿಬಿಟ್ಟೆ.

ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯ ಭಾಗ್ಯ, ಹುಲಿಯ ಮೇಲೆ ಕೂತ ಮಾದಪ್ಪನನ್ನು ಉಲ್ಟಾ ತಿರುಗಿಸಿ ಪ್ರಿಂಟ್ ಕೊಡುತ್ತಾ, "ಇದನ್ನ ಯಾವುದಕ್ಕೆ ಅಂಟುಸ್ತೀರಕ್ಕ?" ಎಂದಳು.

"ಸ್ಟೂಲಿಗೆ."

"ಸ್ಟೂಲಿಗಾ?"

"ಹೂಂ, ಕೂರೋ ಸ್ಟೂಲಿಗೆ."

ಭಾಗ್ಯ ನನ್ನ ಮುಖವನ್ನೇ ನೋಡಿದಳು. ನನ್ನ ಕಲೆಗೆ ಬೆರಗಾಗಿದ್ದಾಳೆ ಎಂದುಕೊಂಡು ಬಂದೆ.

ಅಷ್ಟು ಚೆನ್ನಾಗಿ ನಾನು ಇನ್ನೊಂದನ್ನು ಮಾಡಿಲ್ಲ. ಎರಡು ದಿನ ಕೂತು ಉಜ್ಜಿದೆ. ಹುಲಿಯ ಮೀಸೆಯ ಕೂದಲು ಕೂಡ ಎಣಿಸಬಹುದಿತ್ತು. ಮಾದಪ್ಪನ ಹಣೆಯ ವಿಭೂತಿ, ಜಡೆ, ಕೈಯ ಬೆತ್ತ, ಎಲ್ಲ ಅಲ್ಲಲ್ಲೇ, ಒಂದೂ ಕಿತ್ತುಹೋಗದೆ ಕೂತಿದ್ದವು.

ಅತ್ತೆ ಬೆಳಗಿನ ಬಸ್ಸಿಗೆ ಬಂದರು. ಚೀಲ ಕೆಳಗಿಟ್ಟು, "ಉಸ್ಸಪ್ಪಾ" ಎನ್ನುತ್ತಾ ಗೋಡೆಗೆ ಕೈ ಊರಿ ಸ್ಟೂಲಿನ ಮೇಲೆ ಕೂರಲು ಬಾಗಿದವರು ಅರ್ಧಕ್ಕೇ ನಿಂತುಬಿಟ್ಟರು. ಮಂಡಿನೋವಿನವರಿಗೆ ಹಾಗೆ ಅರ್ಧದಲ್ಲಿ ನಿಲ್ಲುವುದು ಎಂಥ ಹಿಂಸೆಯೆಂದು ನೋವಿದ್ದವರಿಗೇ ಗೊತ್ತು.

"ಯಾರಮ್ಮಿ ಇದು?"

"ಮಾದಪ್ಪ ಕಣತ್ತೆ!" ಎಂದೆ, ಬಹುಮಾನ ಕೂಗುವವಳ ಹಾಗೆ.

ಅತ್ತೆ ಕಷ್ಟಪಟ್ಟು ನೆಟ್ಟಗಾಗಿ ಎರಡೂ ಕೈ ಮುಗಿದರು. "ತಪ್ಪಾಯ್ತು ಕಣಪ್ಪ ನನ್ನಪ್ಪ, ಇನ್ನೇನ್ ಕೂತೇಬುಡ್ತಿದ್ನಲ್ಲ" ಎಂದು ಎರಡೂ ಕೆನ್ನೆಗೆ ಮೆಲ್ಲಗೆ ಬಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಚೆಂದಾಗ್ ಮಾಡಿದ್ಯ ಕಣಮ್ಮಿ" ಎಂದರು. ಇಪ್ಪತ್ತಾರು ವರ್ಷದ ಮೇಲೆ! ನಾನು ಆ ಸಂತೋಷದಲ್ಲಿ ಮಧ್ಯಾಹ್ನಕ್ಕೆ ಪಾಯಸ ಮಾಡಿದೆ. ಊಟಕ್ಕೆ ಕೂತ ಗಂಡ ಬಾಗಿಲ ಕಡೆ ನೋಡಿ, "ಅದ್ಸರಿ, ಅವ್ವ ಇನ್ಮ್ಯಾಲೆ ಎಲ್ ಕೂತ್ಕತಾಳೆ?" ಎಂದರು.

ನಂಬಿದರೆ ನಂಬಿ, ಅಲ್ಲಿಯವರೆಗೆ ನನಗೆ ಅದು ಹೊಳೆದಿರಲಿಲ್ಲ. ದೇವರ ಮೇಲೆ ಯಾರು ಕೂರುತ್ತಾರೆ? ನಾನೇ ಕೂರುತ್ತೇನೆಯೇ? ಅರಿಯದೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು ನಾನು. ಎರಡು ದಿನ ಉಜ್ಜುವಾಗ ಹುಲಿಯ ಮೀಸೆ ಕಂಡಿತೇ ಹೊರತು ಅದು ಕೂರುವ ಹಲಗೆ ಎಂಬುದು ಕಾಣಲಿಲ್ಲ.

ಬಾಗಿಲಲ್ಲಿದ್ದರೆ ಹೋಗಿ ಬರುವವರ ಕಾಲು ತಾಗುತ್ತದೆಂದು ಅತ್ತೆ ಸ್ಟೂಲನ್ನು ದೇವರ ಮೂಲೆಗೆ ಸೇರಿಸಿದರು. ಪ್ಲಾಸ್ಟಿಕ್ ಸ್ಟೂಲು ತಂದುಕೊಟ್ಟೆ. ಅದು ಎತ್ತರ, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಒಂದು ದಿನ ಜಾರಿ ಬೀಳುವುದರಲ್ಲಿದ್ದರು, ಮತ್ತೆ ಅದರ ತಂಟೆಗೆ ಹೋಗಲಿಲ್ಲ. ಮಾದಪ್ಪನ ಮೇಲೆ ದಪ್ಪನೆ ಟವೆಲ್ ಹಾಸಿಕೊಡುತ್ತೇನೆ ಎಂದೆ. "ಟವಲ್ ಆಕುದ್ರೆ ಅವ್ನ್ಗೆ ಗೊತ್ತಾಗಕಿಲ್ವಾ?" ಎಂದರು.

ಬಡಗಿ ಸಿದ್ದರಾಜುವನ್ನು ಕರೆಸಿದೆ. ಮೇಲಿನ ಒಂದು ಪದರ ಹೆರೆದುಬಿಡು ಎಂದೆ. ಅವನು ಕೀಸುಳಿಯನ್ನು ಚೀಲದಿಂದ ಅರ್ಧ ತೆಗೆದವನು ಸ್ಟೂಲು ನೋಡಿ ಒಳಗೇ ಹಾಕಿಕೊಂಡ.

"ಅಲ್ಲಕ್ಕ, ಮಾದಪ್ಪನ್ ಮುಕದ್ ಮ್ಯಾಲೆ ಕೀಸುಳಿ ಆಡ್ಸು ಅಂತೀರಲ್ಲ. ನಂಗೂ ಎಡ್ತಿ ಮಕ್ಳವ್ರೆ ಕಣಕ್ಕ."

"ಹೋಗಲಿ, ಹಲಗೆ ಕಿತ್ತು ತಿರುಗಿಸಿ ಹೊಡಿ. ಚಿತ್ರ ಕೆಳಗಾಗುತ್ತೆ."

ಒಳಗಿನಿಂದ ಅತ್ತೆಯ ಧ್ವನಿ ಬಂತು. "ದೇವ್ರು ಕೆಳೀಕೆ, ನಾನು ಮ್ಯಾಲಕಾ? ಚೆಂದಾಗದೆ ಬುಡು ನಿನ್ ಯೋಚ್ನೆ."

ಸಿದ್ದರಾಜು ಅದೇ ಅಳತೆಗೆ ಇನ್ನೊಂದು ಮಾಡಿಕೊಡುತ್ತೇನೆಂದ. ಅತ್ತೆ ಹೊರಗೆ ಬಂದು, "ಬ್ಯಾಡ ಕಣಪ್ಪ. ನಮ್ಮೆಜಮಾನ್ರು ನೂಲಾಕಿ ಮಾಡಿದ್ದು ಅದು. ಇನ್ನೊಂದರ ಮ್ಯಾಲೆ ಕೂತು ಅದನ್ನ ನೋಡ್ಕಂಡಿರಕೆ ನನ್ ಕೈಲಾಗಕಿಲ್ಲ" ಎಂದು ಒಳಗೆ ಹೋದರು. ಅವನು ಟೀ ಕುಡಿದು, ಸ್ಟೂಲಿಗೆ ಕೈ ಮುಗಿದು ಹೊರಟ.

ನೋಡನೋಡುತ್ತಾ ಬಾಗಿಲು ಖಾಲಿಯಾಯಿತು. ಅತ್ತೆ ಸ್ವಲ್ಪ ಹೊತ್ತು ಬಾಗಿಲವಾಡಕ್ಕೆ ಒರಗಿ ನಿಲ್ಲುವರು, ಮಂಡಿ ಸೋತಾಗ ಒಳಗೆ ಹೋಗಿ ಮಂಚದ ಮೇಲೆ ಅಡ್ಡಾಗುವರು. ಬೀದಿಯವರು ಮೊದಲು "ಎಲ್ಲವ್ವಾ?" ಎಂದು ಇಣುಕುತ್ತಿದ್ದರು, ಆಮೇಲೆ ಅದೂ ಕಡಿಮೆಯಾಯಿತು. ಸೊಪ್ಪು ನಾನೇ ಬಿಡಿಸಿಕೊಂಡೆ. ಪಕ್ಕದ ಮನೆಯವರ ಸೊಸೆ ಬಾಣಂತನಕ್ಕೆ ತವರಿಗೆ ಹೋದದ್ದು ನಮಗೆ ನಾಲ್ಕು ದಿನದ ಮೇಲೆ ತಿಳಿಯಿತು. ಅತ್ತೆಗೆ ಗೊತ್ತಿಲ್ಲದೆ! ಅವರು ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದರು. ಒಂದು ಮಾತು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಚೆಂದಾಗ್ ಮಾಡಿದ್ಯ ಎಂದವರು ಹೇಗೆ ಬೈದಾರು? ಗಿಳಿಗೆ ಕೊಕ್ಕು ಹೋದ ಹಾಗೆ ಇದೂ ಎಡವಟ್ಟಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದುಕೊಂಡು ಒಂದು ದಿನ ಅತ್ತೂಬಿಟ್ಟೆ.

ಇಷ್ಟರಲ್ಲಿ ಸ್ಟೂಲಿಗೆ ಪೂಜೆ ಶುರುವಾಗಿತ್ತು. ಮನೆಗೆ ಬಂದ ದೇವರನ್ನು ಸುಮ್ಮನೆ ಇಡಲಾಗುತ್ತದೆಯೇ? ಅತ್ತೆ ದಿನವೂ ಸ್ನಾನ ಮಾಡಿ, ಚೊಂಬಿನ ನೀರಿನಲ್ಲಿ ಕೈ ಅದ್ದಿ ಮಾದಪ್ಪನ ಮೈ ಒರೆಸುವರು. ವಿಭೂತಿಯನ್ನು ಅಂಗೈಯಲ್ಲಿ ನೀರಿಗೆ ಕಲಸಿ, ಮೂರು ಬೆರಳಿನಿಂದ ಹಣೆಗೆ, ತೋಳಿಗೆ, ಹುಲಿಯ ನೆತ್ತಿಗೆ ಹಚ್ಚುವರು. ಮರುದಿನ ಅದನ್ನು ಒದ್ದೆ ಬಟ್ಟೆಯಲ್ಲಿ ತೆಗೆದು ಹೊಸದು ಹಚ್ಚುವರು. ಒಂದು ದಾಸವಾಳ, ಒಂದು ಊದುಬತ್ತಿ.

ಒಂದು ತಿಂಗಳು ಕಳೆದಿರಬೇಕು. ಕಸ ಗುಡಿಸುವಾಗ ನೋಡುತ್ತೇನೆ, ಹುಲಿಗೆ ಬಾಲವಿಲ್ಲ.

ಈ ಕೆಲಸದಲ್ಲಿ ಕೊನೆಗೆ ಒಂದು ಕೈ ವಾರ್ನಿಶ್ ಹೊಡೆಯಬೇಕು, ಇಲ್ಲದಿದ್ದರೆ ನೀರು ತಾಗಿದಷ್ಟೂ ಚಿತ್ರ ಏಳುತ್ತದೆ. ಅತ್ತೆ ಬರುವಷ್ಟರಲ್ಲಿ ಮುಗಿಸಬೇಕೆಂಬ ಆತುರದಲ್ಲಿ ನಾನು ಅದನ್ನು ಬಿಟ್ಟಿದ್ದೆ. ಈಗ ದಿನವೂ ನೀರು, ದಿನವೂ ಬೆರಳು, ಅದರ ಮೇಲೆ ವಿಭೂತಿ! ಬೂದಿ ಹಾಕಿ ಉಜ್ಜಿದರೆ ಹಿತ್ತಾಳೆ ಚೊಂಬಿನ ಕಿಲುಬೇ ಹೋಗುತ್ತದೆ, ನನ್ನ ಅಂಟು ಯಾವ ಲೆಕ್ಕ? ಅತ್ತೆ ಭಕ್ತಿಯಿಂದ ಮಾದಪ್ಪನನ್ನು ದಿನಾ ಸ್ವಲ್ಪ ಸ್ವಲ್ಪ ಅಳಿಸುತ್ತಿದ್ದರು.

ಹೇಳಬೇಕೋ ಬೇಡವೋ? ಹೇಳಿದರೆ ಪೂಜೆ ನಿಲ್ಲಿಸುತ್ತಾರೆ, ಚಿತ್ರ ಉಳಿಯುತ್ತದೆ, ಸ್ಟೂಲು ಶಾಶ್ವತವಾಗಿ ಹೋಗುತ್ತದೆ. ಹೇಳದಿದ್ದರೆ ನನ್ನ ಕಣ್ಣೆದುರೇ ದೇವರು ಅಳಿಯುತ್ತಾನೆ, ಪಾಪ ಅವರಿಗೂ ನನಗೂ. ಎರಡು ವಾರ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಗಂಡ ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿ ನೋಡಿದರು. ಹುಲಿಯ ಹಿಂಗಾಲು ಹೋಯಿತು. ಬೆತ್ತ ಹೋಯಿತು. ಜಡೆ ತೆಳ್ಳಗಾಗುತ್ತಾ ಬಂತು. ಕೊನೆಗೆ ತಡೆಯಲಾರದೆ ಒಂದು ಬೆಳಿಗ್ಗೆ ವಾರ್ನಿಶ್ ಡಬ್ಬಿ, ಬ್ರಷ್ಷು ಹಿಡಿದು ದೇವರ ಮೂಲೆಗೆ ಹೋದೆ. ಅತ್ತೆ ವಿಭೂತಿ ಕಲಸುತ್ತಿದ್ದರು.

"ಏನಮ್ಮಿ ಅದು?"

"ಒಂಥರಾ ಎಣ್ಣೆ, ಅತ್ತೆ. ಬಳಿದರೆ ಚಿತ್ರ ಹೋಗಲ್ಲ. ನೀರು ಹಾಕಿದರೂ ಹೋಗಲ್ಲ. ನೀವು ಉಜ್ಜೋದರಿಂದ..." ಎಂದು ಅರ್ಧಕ್ಕೇ ನಿಲ್ಲಿಸಿದೆ.

ಅತ್ತೆ ಡಬ್ಬಿಯನ್ನು ನೋಡಿದರು, ಸ್ಟೂಲನ್ನು ನೋಡಿದರು, ತಮ್ಮ ಬಿಳಿಯಾದ ಬೆರಳುಗಳನ್ನು ನೋಡಿದರು.

"ಮಡುಗು ಅತ್ಲಾಗೆ" ಎಂದರು. "ಇರೋಗಂಟ ಇರ್ಲಿ. ಓಗೋನ್ನ ಕಟ್ಟಾಕಕೆ ನಾವ್ಯಾರು?"

ಅಷ್ಟು ಹೇಳಿ ಮೂರು ಬೆರಳಿನಿಂದ ಹಚ್ಚಿದರು. ನನಗೆ ಅನಿಸಿತೋ ಏನೋ, ಆವತ್ತಿನಿಂದ ಬೆರಳು ಒಂದು ಕೈ ಹೆಚ್ಚೇ ಓಡುತ್ತಿತ್ತು. ನಾನು ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟೆ. ಯಾಕೆಂದು ಅತ್ತೆಯನ್ನು ಕೇಳುವ ಧೈರ್ಯ ನನಗೆ ಆವಾಗಲೂ ಇರಲಿಲ್ಲ, ಈಗಲೂ ಇಲ್ಲ.

ಅವರೆಕಾಯಿ ಕಾಲ ಬಂತು. ಒಂದು ಬೆಳಿಗ್ಗೆ ನಾನು ಒಗೆದ ಬಟ್ಟೆ ಹರವಿ ಹಿತ್ತಿಲಿಂದ ಬರುವಾಗ ಬೀದಿ ಬಾಗಿಲಲ್ಲಿ ಮಾತು ಕೇಳಿಸಿತು. "ಏನ್ರವ್ವ, ಬಾಣಂತಿ ಯಾವಾಗ ಬತ್ತಾಳೆ? ಮಗೀಗೆ ಎಸ್ರೇನಿಟ್ರಿ? ವಸಿ ನಿಂತ್ಕಳಿ, ಎಲ್ ಓಡೀರಿ?" ಓಡಿಹೋಗಿ ನೋಡಿದೆ. ಅತ್ತೆ ಕೂತಿದ್ದರು, ಕಾಲು ನೆಲಕ್ಕೆ ಊರಿ, ಮಡಿಲಲ್ಲಿ ಮೊರ ಇಟ್ಟುಕೊಂಡು. ಅವರ ಸೀರೆಯ ಪಕ್ಕದಲ್ಲಿ ಹಲಗೆಯ ಅಂಚು ಕಾಣುತ್ತಿತ್ತು. ಬರೀ ಮರ. ಬಣ್ಣದ ಒಂದು ಚುಕ್ಕೆಯೂ ಇರಲಿಲ್ಲ.

"ಅತ್ತೆ, ಮಾದಪ್ಪ?" ಎಂದೆ.

ಅತ್ತೆ ಸುಲಿದ ಕಾಳನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಪಕ್ಕಕ್ಕೆ ಎಸೆದು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ವಯಸ್ಸಾದೋಳು ಎಷ್ಟ್ ದಿನಾಂತ ನಿಂತಿರ್ತಾಳೆ ಅಂತ, ಅವ್ನೇ ಎದ್ದು ಜಾಗ ಬುಟ್ಕೊಟ್ಟ ಕಣಮ್ಮಿ."